ಒಂದು ಪರಿಮಳಕ್ಕೆ ಒಂದೇ ಕೆಲಸ: ಮನೆಯಲ್ಲಿ ವಾಸನೆಯನ್ನು ಬಳಸುವ ಬಗೆ

ಮೈಸೂರಿನ ಊದುಬತ್ತಿ ಘಟಕವೊಂದರಲ್ಲಿ ಸೆಂಟ್ ಬೆರೆಸುವ ಕೆಲಸ ಮಾಡುತ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ನೆಂಟರು, ಅಕ್ಕಪಕ್ಕದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮನಸ್ಸಿಗೆ ಸಮಾಧಾನ ಆಗೋಕೆ ಯಾವ ವಾಸನೆ ಒಳ್ಳೇದು? ನಿದ್ದೆಗೆ ಯಾವುದು? ಮಗ ಕೂತು ಓದೋ ಹಾಗೆ ಮಾಡೋಕೆ ಏನಾದ್ರೂ ಇದೆಯಾ?" ಅಂಗಡಿಯವರ ಹತ್ತಿರ ಇದಕ್ಕೆ ಸಿದ್ಧ ಉತ್ತರ ಇರುತ್ತದೆ. ಲ್ಯಾವೆಂಡರ್ ಅಂದರೆ ನಿದ್ದೆ, ನಿಂಬೆ ಅಂದರೆ ಲವಲವಿಕೆ, ಶ್ರೀಗಂಧ ಅಂದರೆ ಶಾಂತಿ. ನಾನು ಹಾಗೆ ಹೇಳುವುದಿಲ್ಲ. ಒಂದು ವಾಸನೆ ಮೂಗಿಗೆ ಬಿದ್ದ ಹೊತ್ತಿನಲ್ಲಿ ನಿಮ್ಮ ಬದುಕಿನಲ್ಲಿ ಏನು ನಡೆಯುತ್ತಿತ್ತೋ, ಬಹುಮಟ್ಟಿಗೆ ಅದೇ ಆ ವಾಸನೆಯ ಗುಣ. ಆ ಗುಣವನ್ನು ನಾವೇ ಕಟ್ಟಬಹುದು. ಅದಕ್ಕೆ ದುಡ್ಡು ಜಾಸ್ತಿ ಬೇಡ, ತಾಳ್ಮೆ ಬೇಕು.

ನಮ್ಮ ಕೆಲಸದಲ್ಲಿ ಇದು ದಿನವೂ ಕಣ್ಣಿಗೆ ಬೀಳುತ್ತದೆ. ಗುಲಾಬಿಯ ಹೊಸ ಮಿಶ್ರಣ ಮಾಡಿ ಕಚ್ಚಾ ಬತ್ತಿಯನ್ನು ಅದರಲ್ಲಿ ಅದ್ದಿ, ಒಣಗಿಸಿ, ಹಚ್ಚಿ ಎಲ್ಲರ ಮುಂದೆ ಇಡುತ್ತೇವೆ. ಒಬ್ಬರು "ಮದುವೆ ಮನೆ ಇದ್ದ ಹಾಗಿದೆ" ಅನ್ನುತ್ತಾರೆ. ಪಕ್ಕದವರೇ ಮುಖ ಸಿಂಡರಿಸಿ "ಹೆಣಕ್ಕೆ ಹಾಕಿದ ಹಾರ ನೆನಪಾಗುತ್ತೆ, ತೆಗೀರಿ" ಅನ್ನುತ್ತಾರೆ. ಹೊಗೆ ಒಂದೇ, ಸೆಂಟ್ ಒಂದೇ. ಇಬ್ಬರ ಹಿಂದಿನ ಕಥೆ ಬೇರೆ.

ಮೂಗಿನಿಂದ ಮನಸ್ಸಿಗೆ ಇಷ್ಟು ಹತ್ತಿರ ಯಾಕೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಮೂಗಿನ ಮೇಲ್ತುದಿಯಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳ ಮೇಲಿರುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆ. ಈ ಗ್ರಾಹಕಗಳ ಹಿಂದಿರುವ ಜೀನ್‌ಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ನಾವು ನೋಡಿದ್ದು, ಕೇಳಿದ್ದು ಮೊದಲು ಮಿದುಳಿನ ನಡುವಿನ ಥಲಾಮಸ್ ಅನ್ನುವ ಭಾಗಕ್ಕೆ ಹೋಗಿ, ಅಲ್ಲಿಂದ ಮುಂದಕ್ಕೆ ಹಂಚಿಕೆಯಾಗುತ್ತದೆ. ವಾಸನೆ ಆ ಸುತ್ತು ಹಾಕುವುದಿಲ್ಲ. ಭಯ, ಪ್ರೀತಿ, ಅಸಹ್ಯದಂಥ ಭಾವನೆಗಳ ಜೊತೆ ಕೆಲಸ ಮಾಡುವ ಅಮಿಗ್ಡಲಾಕ್ಕೆ ನೇರವಾಗಿ ತಲುಪುತ್ತದೆ. ನೆನಪು ಕಟ್ಟುವ ಹಿಪೊಕ್ಯಾಂಪಸ್ ಅಲ್ಲಿಗೆ ಬಹಳ ಹತ್ತಿರ. ಅದಕ್ಕೇ ಹಳೇ ಪೆಟ್ಟಿಗೆ ತೆಗೆದಾಗ ಮೊದಲು ಎದೆ ತುಂಬಿ ಬರುತ್ತದೆ. ಅದು ನುಸಿಗುಳಿಗೆಯ ವಾಸನೆ, ಅಜ್ಜಿಯ ರೇಷ್ಮೆ ಸೀರೆಯ ವಾಸನೆ ಅಂತ ಹೆಸರು ಹೊಳೆಯುವುದು ಆಮೇಲೆ.

ವಾಸನೆಗೆ ಭಾವನೆ ಅಂಟುವುದನ್ನು ಪ್ರಯೋಗದಲ್ಲೂ ನೋಡಿದ್ದಾರೆ. ರೇಚಲ್ ಹರ್ಜ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರ್ತಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಐದು ವರ್ಷದ ಮಕ್ಕಳಿಗೆ ಒಂದು ವಾಸನೆಯಿದ್ದ ಕೋಣೆಯಲ್ಲಿ ಬಿಡಿಸಲು ಆಗದ ದಾರಿ ಹುಡುಕುವ ಆಟ ಕೊಟ್ಟರು. ಮಕ್ಕಳು ಸೋತು ಬೇಸರ ಮಾಡಿಕೊಂಡವು. ಆಮೇಲೆ ಬೇರೆ ಕೋಣೆ, ಬೇರೆ ಕೆಲಸ. ಅಲ್ಲೂ ಅದೇ ವಾಸನೆ ಇದ್ದ ಮಕ್ಕಳು ಉಳಿದ ಮಕ್ಕಳಿಗಿಂತ ಕಡಿಮೆ ಮಾಡಿದವು. ಸೋಲು ಆ ವಾಸನೆಗೆ ಅಂಟಿಕೊಂಡು ಹಿಂದೆಯೇ ಬಂದಿತ್ತು. ದಯವಿಟ್ಟು ಇದನ್ನು ನೆನಪಿನಲ್ಲಿಡಿ. ಮಗು ಓದುವ ಜಾಗದಲ್ಲಿ ಒಳ್ಳೇ ಪರಿಮಳ ಇಟ್ಟು, ಅಲ್ಲೇ ಕೂರಿಸಿ ದಿನಾ ಬೈದರೆ ಆ ಪರಿಮಳ ಬೈಗುಳದ್ದೇ ಆಗುತ್ತದೆ.

ಮೊದಲು ನಿಮ್ಮ ಮೂಗಿನ ಲೆಕ್ಕ ಬರೆಯಿರಿ

ಹೊಸ ಪರಿಮಳ ಕೊಳ್ಳುವ ಮೊದಲು, ಈಗಾಗಲೇ ನಿಮ್ಮೊಳಗೆ ಏನೇನು ಕೂತಿದೆ ಅಂತ ತಿಳಿಯಬೇಕು. ಒಂದು ವಾರ ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಮೂರ್ನಾಲ್ಕು ವಸ್ತು ಸಾಕು. ಅಡುಗೆಮನೆಯ ಓಮ, ಮೆಂತ್ಯ, ಇಂಗು, ಹುರಿದ ಕಾಫಿ ಪುಡಿ. ಬಚ್ಚಲಿನ ಸೀಗೆಪುಡಿ, ಸೋಪು. ದೇವರ ಮನೆಯ ಕರ್ಪೂರ, ಗಂಧ. ಬೀರುವಿನ ಬಟ್ಟೆ, ಹಳೇ ಪುಸ್ತಕ, ಮಳೆ ಬಿದ್ದ ಅಂಗಳದ ಮಣ್ಣು.

ಮೂಸುವುದಕ್ಕೂ ಒಂದು ಕ್ರಮ ಇದೆ. ಉಸಿರು ಕಟ್ಟಿ ಜೋರಾಗಿ ಎಳೆಯಬೇಡಿ. ವಸ್ತುವನ್ನು ಮೂಗಿನಿಂದ ಒಂದು ಗೇಣಷ್ಟು ದೂರ ಹಿಡಿದು, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸಿ. ಕಣ್ಣು ಮುಚ್ಚಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಮೊದಲು ಬಂದ ಭಾವನೆ ಬರೆಯಿರಿ, ವಸ್ತುವಿನ ಹೆಸರು ಕೊನೆಗೆ. "ಹಿತ", "ಹೊಟ್ಟೆ ತೊಳಸಿತು", "ಪರೀಕ್ಷೆ ದಿನ", "ಅಪ್ಪನ ಅಂಗಿ" ಹೀಗೆ. ಕಾರಣ ಗೊತ್ತಾಗದಿದ್ದರೂ ಬರೆಯಿರಿ. ಸುಮ್ನೆ "ಚೆನ್ನಾಗಿದೆ" ಅಂತ ಬರೆದರೆ ಉಪಯೋಗಕ್ಕೆ ಬರುವುದಿಲ್ಲ.

ಒಂದಾದ ಮೇಲೆ ಇನ್ನೊಂದು ಮೂಸುವಾಗ ಮೂಗು ಸೋಲುತ್ತದೆ. ಸೆಂಟ್ ಅಂಗಡಿಗಳಲ್ಲಿ ನಡುನಡುವೆ ಕಾಫಿ ಬೀಜ ಮೂಸಿ ಅಂತ ಕೊಡುತ್ತಾರೆ. ಕಾಫಿ ಬೀಜಕ್ಕೂ ಬರೀ ಗಾಳಿಗೂ ವ್ಯತ್ಯಾಸ ಇಲ್ಲ ಅಂತ ಪರೀಕ್ಷಿಸಿ ನೋಡಿದವರಿದ್ದಾರೆ. ಕಿಟಕಿ ಹತ್ತಿರ ನಿಂತು ಒಂದು ನಿಮಿಷ ಉಸಿರಾಡಿ, ಇಲ್ಲವೇ ನಿಮ್ಮದೇ ಮೊಣಕೈ ಒಳಭಾಗ ಮೂಸಿ. ನಾವು ಕೆಲಸದಲ್ಲಿ ಮಾಡುವುದೂ ಅದನ್ನೇ.

ಹೆಸರು ಕೂಡ ಮೂಗನ್ನು ತಿರುಗಿಸುತ್ತದೆ. ಒಂದೇ ಮಿಶ್ರಣವನ್ನು ಒಮ್ಮೆ ಪಾರ್ಮೆಸಾನ್ ಚೀಸ್ ಅಂತಲೂ ಇನ್ನೊಮ್ಮೆ ವಾಂತಿ ಅಂತಲೂ ಹೇಳಿ ಮೂಸಿಸಿದಾಗ, ಜನ ಮೊದಲನೆಯದನ್ನು ಮೆಚ್ಚಿ ಎರಡನೆಯದಕ್ಕೆ ಅಸಹ್ಯಪಟ್ಟರು ಅಂತ 2001ರ ಒಂದು ಅಧ್ಯಯನದಲ್ಲಿದೆ. ಆದ್ದರಿಂದ ಮನೆಯವರಿಗೆ ಮೂಸಿಸುವಾಗ ಇದು ಇಂಥದ್ದು ಅಂತ ಮೊದಲೇ ಹೇಳಬೇಡಿ.

ಪರಿಮಳ ಕಟ್ಟುವ ಕ್ರಮ

ಈ ಬರಹದ ಹೊಟ್ಟೆಯೊಳಗಿನ ಮಾತು ಇದು. ನಿಧಾನವಾಗಿ ಓದಿ.

ಮೊದಲು ವಾಸನೆಯ ಆಯ್ಕೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಲ್ಲದ, ಮನೆಯಲ್ಲಿ ದಿನಾ ಸುಳಿಯದ ವಾಸನೆ ಬೇಕು. ಯಾವ ಕಥೆಯೂ ಅಂಟಿರದ ವಾಸನೆಗೆ ಹೊಸ ಕಥೆ ಬೇಗ ಅಂಟುತ್ತದೆ. ಮಲ್ಲಿಗೆ, ಕಾಫಿ, ಸಾರಿನ ಪುಡಿ ನಮ್ಮ ಮನೆಗಳಲ್ಲಿ ಈಗಾಗಲೇ ತುಂಬಿ ತುಳುಕುತ್ತಿರುತ್ತವೆ. ಕರ್ಪೂರ, ನೀಲಗಿರಿ, ಪುದೀನ ಹೂವು (ಮೆಂಥಾಲ್ ಹರಳು) ಬೇಡ. ಅವು ವಾಸನೆಯ ಜೊತೆಗೆ ಮೂಗಿನಲ್ಲಿ ತಣ್ಣಗೆ, ಚುರುಕಾಗಿ ತಾಗುತ್ತವೆ. ಅದು ಬೇರೆ ನರದ ಕೆಲಸ, ಮೈಯನ್ನು ಎಚ್ಚರಿಸುತ್ತದೆ. ಸಮಾಧಾನಕ್ಕೆ ಕಟ್ಟುವ ಪರಿಮಳ ಮೆತ್ತಗಿರಬೇಕು. ನಾನು ಹೆಚ್ಚಾಗಿ ಹೇಳುವುದು ದವನ, ಮರುಗ, ಲಾವಂಚ. ಮೂರೂ ನಮ್ಮ ಮಾರುಕಟ್ಟೆಯಲ್ಲಿ ಸಿಗುತ್ತವೆ, ಮೂರಕ್ಕೂ ಹೊಗೆ ಬೇಕಿಲ್ಲ. ದವನ, ಮರುಗ ಹೂವಿನ ಅಂಗಡಿಯಲ್ಲೇ ಇರುತ್ತವೆ. ಲಾವಂಚದ ಬೇರನ್ನು ಗ್ರಂಥಿಗೆ ಅಂಗಡಿಯಲ್ಲಿ ಕೇಳಿ.

ಎರಡನೆಯದು ಹೊತ್ತು. ಇಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಮಗು ಅಳುವಾಗ, ಗಂಡ ಹೆಂಡತಿ ಜಗಳ ಮುಗಿದ ಮೇಲೆ, ನಿದ್ದೆ ಬಾರದೆ ಹೊರಳಾಡುವಾಗ ಪರಿಮಳ ತಂದು ಇಡುತ್ತಾರೆ. ಆಗ ಅದು ಅಳುವಿನ ಜೊತೆ, ಹೊರಳಾಟದ ಜೊತೆ ಸೇರಿಕೊಳ್ಳುತ್ತದೆ. ಮನಸ್ಸು ಈಗಾಗಲೇ ತಣ್ಣಗಿರುವ ಹೊತ್ತಿನಲ್ಲಿ ಪರಿಮಳ ಬರಬೇಕು. ಸ್ನಾನ ಆಗಿದೆ, ಹೊಟ್ಟೆ ತುಂಬಿದೆ, ಮಗು ಮಡಿಲಲ್ಲಿ ಕಥೆ ಕೇಳುತ್ತಿದೆ, ಕಣ್ಣು ಎಳೆಯುತ್ತಿದೆ. ಆ ಹೊತ್ತಿಗೆ ಲಾವಂಚದ ಚಿಕ್ಕ ಗಂಟು ದಿಂಬಿನ ಪಕ್ಕಕ್ಕೆ ಬರಲಿ. ಕಷ್ಟದ ದಿನಕ್ಕೆ ಅದನ್ನು ಉಪಯೋಗಿಸುವುದು ಆಮೇಲೆ, ನಂಟು ಗಟ್ಟಿಯಾದ ಮೇಲೆ. ಹಲವು ವಾರ ಹೀಗೇ ನಡೆಸಿ. ಊರಿಗೆ ಹೊರಟಾಗ ಹೊಸ ಜಾಗದಲ್ಲಿ ಮಗು ರಂಪ ಮಾಡುವುದಿದ್ದರೆ ಆ ಗಂಟನ್ನು ಜೊತೆಗೆ ಒಯ್ಯಿರಿ. ಜಾಗ ಬದಲಾದರೂ ಮಲಗುವ ಹೊತ್ತಿನ ಒಂದು ಗುರುತು ಜೊತೆಗೇ ಬಂದ ಹಾಗಾಗುತ್ತದೆ.

ಮೂರನೆಯದು ಅಳತೆ. ವಾಸನೆ ಒಂದೇ ಸಮನೆ ಇದ್ದರೆ ಕೆಲವೇ ನಿಮಿಷದಲ್ಲಿ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ನಿಮ್ಮ ಮನೆಯ ವಾಸನೆ ನಿಮಗೆ ಗೊತ್ತಾಗದೆ ಬಂದವರಿಗೆ ಗೊತ್ತಾಗುವುದು ಇದರಿಂದಲೇ. ಹಾಗಾಗಿ ದಿನವಿಡೀ ಗೋಡೆಗೆ ಸಿಕ್ಕಿಸುವ ಯಂತ್ರದಿಂದ ಈ ಕೆಲಸ ಆಗುವುದಿಲ್ಲ. ವಾಸನೆ ಬರಬೇಕು, ಹೋಗಬೇಕು. ಕೆಲಸ ಶುರುವಾಗುವಾಗ ಹೊರಗೆ ತೆಗೆಯಿರಿ, ಕೆಲಸ ಮುಗಿದ ತಕ್ಷಣ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದು ವಾಸನೆ ಹೀರುತ್ತದೆ.

ನಾಲ್ಕನೆಯದು ಕಾವಲು. ನಿದ್ದೆಗೆ ಅಂತ ಕಟ್ಟಿದ ಲಾವಂಚವನ್ನು ಬೇಸಿಗೆ ಅಂತ ಕುಡಿಯುವ ನೀರಿನ ಮಡಕೆಗೂ ಹಾಕಿ, ಅಭ್ಯಂಜನದ ಎಣ್ಣೆಗೂ ಹಾಕಿದರೆ ಅದು ಎಲ್ಲದರ ವಾಸನೆಯಾಗಿ ಯಾವುದರದ್ದೂ ಆಗದೆ ಉಳಿಯುತ್ತದೆ. ಮನೆಯಲ್ಲಿ ಎಲ್ಲರಿಗೂ ಈ ಮಾತು ಹೇಳಿಡಿ. ಆ ಪರಿಮಳ ಇದ್ದಾಗಲೇ ಏನಾದರೂ ಕೆಟ್ಟದ್ದು ನಡೆದರೆ, ಜ್ವರ ಬಂದು ವಾಂತಿಯಾದರೆ, ಸಾವಿನ ಸುದ್ದಿ ಬಂದರೆ, ಅದನ್ನು ಹಿಡಿದು ಕೂರಬೇಡಿ. ಬಿಟ್ಟು ಬೇರೆಯದನ್ನು ಕಟ್ಟಿ. ಕೆಟ್ಟ ನಂಟು ಒಂದೇ ಸಲಕ್ಕೆ ಅಂಟುತ್ತದೆ, ಒಳ್ಳೆಯದಕ್ಕೆ ಸಮಯ ಬೇಕು.

ಓದುವ ಮಕ್ಕಳಿಗೆ

1990ರಲ್ಲಿ ಫ್ರಾಂಕ್ ಶಾಬ್ ಎಂಬವರು ಒಂದು ಪ್ರಯೋಗ ಪ್ರಕಟಿಸಿದರು. ಪದಗಳ ಪಟ್ಟಿ ನೋಡುವಾಗ ಚಾಕೊಲೇಟ್ ವಾಸನೆ ಇತ್ತು. ಮರುದಿನ ನೆನಪು ಮಾಡಿಕೊಳ್ಳುವಾಗಲೂ ಅದೇ ವಾಸನೆ ಇದ್ದವರಿಗೆ ಜಾಸ್ತಿ ಪದ ನೆನಪಾದವು. 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ಗುಲಾಬಿ ವಾಸನೆ ಇಟ್ಟುಕೊಂಡು ಜೋಡಿ ಚಿತ್ರಗಳ ಜಾಗ ಕಲಿಸಿದರು. ಕಲಿತವರು ಗಾಢ ನಿದ್ದೆಯಲ್ಲಿದ್ದಾಗ ಅದೇ ಗುಲಾಬಿ ವಾಸನೆ ಬಿಟ್ಟರು. ಬೆಳಿಗ್ಗೆ ಚಿತ್ರಗಳ ಜಾಗ ಚೆನ್ನಾಗಿ ನೆನಪಿತ್ತು.

ಇದನ್ನು ಮನೆಯಲ್ಲಿ ಮಾಡುವುದು ಸುಲಭ. ಒಂದು ಹತ್ತಿ ಕರವಸ್ತ್ರದಲ್ಲಿ ನಾಲ್ಕು ಎಸಳು ದವನ ಸುತ್ತಿ, ಒಂದು ವಿಷಯ ಓದುವಾಗ ಮಾತ್ರ ಮೇಜಿನ ಮೇಲೆ ಇಡಿ. ಪರೀಕ್ಷೆಯ ದಿನ ಅದೇ ವಾಸನೆ ಹಿಡಿದ ಕರವಸ್ತ್ರ ಜೇಬಿನಲ್ಲಿರಲಿ. ದವನದ ಎಸಳು ಒಳಗೆ ಬೇಡ, ತಪಾಸಣೆ ಮಾಡುವವರಿಗೆ ಅನುಮಾನ ಬರುತ್ತದೆ. ಇದರ ಲಾಭ ಚಿಕ್ಕದು ಅಂತ ಮಕ್ಕಳಿಗೂ ಹೇಳಿ. ಓದದೇ ಇದ್ದದ್ದನ್ನು ದವನ ನೆನಪಿಸುವುದಿಲ್ಲ. ಆದರೆ ನಮ್ಮ ಪಕ್ಕದ ಮನೆಯ ಹುಡುಗಿ ಹೇಳುವಂತೆ, ಪರೀಕ್ಷೆಯ ಕೋಣೆಯಲ್ಲಿ ಕೂತಾಗ ಕೈ ನಡುಗುವುದು ಕಡಿಮೆಯಾಗುತ್ತದೆ. ನನಗೆ ಅಂಕಕ್ಕಿಂತ ಆ ನಡುಕ ನಿಲ್ಲುವುದೇ ದೊಡ್ಡದು.

ಕಾಯಿಲೆಯವರ ಅಡುಗೆ

ಕ್ಯಾನ್ಸರ್ ಚಿಕಿತ್ಸೆ ನಡೆಯುವ ಮನೆಗಳಲ್ಲಿ ಈ ಭಾಗವನ್ನು ಗಮನ ಕೊಟ್ಟು ಓದಿ ಅಂತ ಕೇಳಿಕೊಳ್ಳುತ್ತೇನೆ. ನನ್ನ ಅಕ್ಕನಿಗೆ ಕೀಮೋಥೆರಪಿ ಶುರುವಾದಾಗ ಎಲ್ಲರಿಗೂ ಒಂದೇ ಆಸೆ, ಅವಳಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಬೇಕು. ಅವಳ ಜೀವ ಇರುವುದೇ ಸೊಗಡವರೆ ಸಾರಿನಲ್ಲಿ. ಚಳಿಗಾಲ ಬೇರೆ, ಮಾರುಕಟ್ಟೆ ತುಂಬಾ ಅವರೆಕಾಯಿ. ನಾನು ಬೇಡ ಅಂದೆ. ಭಾವನಿಗೆ ನನ್ನ ಮೇಲೆ ಸ್ವಲ್ಪ ಬೇಸರವೂ ಆಯಿತು.

ಕಾರಣ ಹೀಗಿದೆ. 1978ರಲ್ಲಿ ಐಲೀನ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ, ಹೊಟ್ಟೆ ತೊಳಸುವ ಔಷಧ ತೆಗೆದುಕೊಳ್ಳಲಿದ್ದ ಮಕ್ಕಳಿಗೆ ಮೊದಲು ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟು ನೋಡಿದರು. ಆಮೇಲೆ ಬೇರೆ ದಿನ ಕೇಳಿದಾಗ ಆ ಮಕ್ಕಳಲ್ಲಿ ಬಹಳಷ್ಟು ಆ ಐಸ್‌ಕ್ರೀಮನ್ನು ಬೇಡ ಅಂದವು. ವಾಕರಿಕೆಗೆ ಕಾರಣ ಔಷಧ ಅಂತ ತಲೆಗೆ ಗೊತ್ತಿದ್ದರೂ, ಮೈ ಅದನ್ನು ತಿಂದ ವಸ್ತುವಿನ ಮೇಲೆ ಹಾಕುತ್ತದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆ. ಬಾಯಿಂದ ಹಿಂಬದಿಯ ದಾರಿಯಲ್ಲಿ ಮೂಗಿಗೇ ಏರುತ್ತದೆ. ಔಷಧದ ದಿನ ಪ್ರೀತಿಯಿಂದ ಮಾಡಿಕೊಟ್ಟ ಸಾರು, ಮುಂದೆ ಎಂದೂ ಬೇಡವಾಗುವ ಅಪಾಯ ಇರುತ್ತದೆ.

ಆದ್ದರಿಂದ ಚಿಕಿತ್ಸೆಯ ದಿನ, ಅದರ ಹಿಂದಿನ ದಿನ, ಹೊಟ್ಟೆ ತೊಳಸು ಇಳಿಯುವವರೆಗೂ ಅವರಿಗೆ ತುಂಬಾ ಪ್ರಿಯವಾದ ಅಡುಗೆ ಮಾಡಬೇಡಿ. ಇಷ್ಟವೂ ಇಲ್ಲದ, ಕಷ್ಟವೂ ಇಲ್ಲದ ಊಟ ಇರಲಿ. ಬಿಸಿ ಅಡುಗೆಗಿಂತ ತಣ್ಣಗಿನದಕ್ಕೆ ವಾಸನೆ ಕಡಿಮೆ. ಮೊಸರನ್ನ, ತಣ್ಣಗಾದ ಗಂಜಿ, ಬರೀ ಬ್ರೆಡ್ ಒಗ್ಗುತ್ತವೆ. ಏನು ತಿನ್ನಬಹುದು ಅನ್ನುವುದನ್ನು ಅವರ ವೈದ್ಯರ ಹತ್ತಿರ ಕೇಳಿಕೊಳ್ಳಿ. ಒಗ್ಗರಣೆ, ಕರಿಯುವುದು, ಬೆಳ್ಳುಳ್ಳಿ ಹುರಿಯುವುದು ಇದ್ದರೆ ಅವರು ಮನೆಯಲ್ಲಿ ಇಲ್ಲದ ಹೊತ್ತಿಗೆ ಮುಗಿಸಿ. ಅವರ ಮುಂದೆ ಕುಕ್ಕರ್ ಮುಚ್ಚಳ ತೆಗೆಯಬೇಡಿ, ಆ ಹಬೆಯೇ ಸಾಕು. ಆಸ್ಪತ್ರೆಗೆ ಹೋಗುವಾಗ ಹಾಕಿಕೊಂಡ ಸೆಂಟ್, ಕೈಗೆ ಹಚ್ಚಿದ ಎಣ್ಣೆ ಮನೆಯಲ್ಲಿ ದಿನಬಳಕೆಗೆ ಬೇಡ. ಕೆಲವರಿಗೆ ಆಸ್ಪತ್ರೆ ನೆನಪಿಸುವ ವಾಸನೆ ಬಂದರೂ ವಾಕರಿಕೆ ಶುರುವಾಗುತ್ತದೆ. ಅದು ನಾಟಕ ಅಲ್ಲ, ಹಟವೂ ಅಲ್ಲ. ದಯವಿಟ್ಟು ಗದರಬೇಡಿ.

ಚಿಕಿತ್ಸೆ ಮುಗಿದ ಮುಂದಿನ ಚಳಿಗಾಲದಲ್ಲಿ ಅಕ್ಕ ತಾನೇ ಅವರೆಕಾಯಿ ಆರಿಸಿ ತಂದಳು. ಸಾರು ಕುದಿಯುವಾಗ ಒಲೆ ಪಕ್ಕ ನಿಂತು ಮೂಸುತ್ತಾ ಇದ್ದಳು. ಭಾವ ಆ ದಿನ ಎರಡು ಸಲ ಬಡಿಸಿಕೊಂಡರು.

ಎಳೆ ಕೂಸು, ಬಾಣಂತಿ

ಹುಟ್ಟಿದ ಮೊದಲ ವಾರದಲ್ಲೇ ಕೂಸು ತನ್ನ ತಾಯಿಯ ಎದೆಹಾಲು ಹಿಡಿದ ಬಟ್ಟೆಯ ಕಡೆಗೆ ಜಾಸ್ತಿ ತಿರುಗುತ್ತದೆ ಅಂತ 1975ರಲ್ಲೇ ತೋರಿಸಿದ್ದಾರೆ. ಹಾಗಾಗಿ ಬಾಣಂತಿಗೆ ಸೆಂಟ್, ಘಾಟು ಪೌಡರ್ ಬೇಡ. ಕೂಸಿನ ಸುತ್ತಲೂ ತಾಯಿಯ ವಾಸನೆಯೇ ಇರಲಿ. ತಾಯಿಯ ಹಳೇ ಹತ್ತಿ ಸೀರೆಯನ್ನು ಕೂಸಿಗೆ ಹಾಸುವ ನಮ್ಮ ಪದ್ಧತಿ ಒಳ್ಳೆಯದೇ. ಆದರೆ ಬಿಗಿಯಾಗಿ, ಸುಕ್ಕಿಲ್ಲದೆ ಹಾಸಿ. ಮಲಗಿದ ಕೂಸಿನ ಮುಖದ ಹತ್ತಿರ ಸಡಿಲ ಬಟ್ಟೆ ಇಡಬೇಡಿ, ಉಸಿರಿಗೆ ಅಪಾಯ.

ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ಬಸುರಿಯಲ್ಲಿ ಸೋಂಪಿನಂಥ ಆನಿಸ್ ರುಚಿಯ ತಿಂಡಿ ತಿಂದ ತಾಯಂದಿರ ಕೂಸುಗಳು ಹುಟ್ಟಿದ ಕೂಡಲೇ ಆ ವಾಸನೆಯ ಕಡೆಗೇ ಮುಖ ತಿರುಗಿಸಿದವು ಅಂತ 2000ದಲ್ಲಿ ವರದಿಯಾಗಿದೆ. ಕೂಸಿನ ಮೂಗು ಹೊಟ್ಟೆಯಲ್ಲೇ ಕಲಿಯಲು ಶುರು ಮಾಡಿರುತ್ತದೆ. ಇದನ್ನು ಓದಿದ ಮೇಲೆ ಬಸುರಿಯರಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಬಡಿಸುವಾಗ ನನಗೆ ಇಬ್ಬರಿಗೆ ಬಡಿಸಿದ ಸಂತೋಷ.

ಮರೆವು ಬಂದ ಹಿರಿಯರಿಗೆ

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಮರೆವಿನ ಕಾಯಿಲೆ ಬಂದು ಈಗ ನಮ್ಮ ಹೆಸರುಗಳು ಅವರಿಗೆ ತಪ್ಪುತ್ತವೆ. ಇಂಥ ಕಾಯಿಲೆಯಲ್ಲಿ ವಾಸನೆ ಹಿಡಿಯುವ ಶಕ್ತಿಯೂ ಮೊದಮೊದಲೇ ಕುಗ್ಗುತ್ತದೆ. ಆದ್ದರಿಂದ ಹೊಸ ಪರಿಮಳ ಕಟ್ಟಲು ಹೋಗಬೇಡಿ, ನವಿರಾದದ್ದು ಅವರಿಗೆ ಮುಟ್ಟುವುದೇ ಇಲ್ಲ. ಹಳೆಯದನ್ನು, ಗಾಢವಾದದ್ದನ್ನು ಹುಡುಕಿ. ಅವರ ಹತ್ತರಿಂದ ಇಪ್ಪತ್ತು ವಯಸ್ಸಿನ ಒಳಗೆ ಮನೆಯಲ್ಲಿ ಏನು ಬೆಳೆಯುತ್ತಿತ್ತು, ಏನು ಬೇಯುತ್ತಿತ್ತು ಅಂತ ಅವರ ತಮ್ಮ ತಂಗಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಈ ವಿಚಾರಣೆಯನ್ನು ತಡ ಮಾಡಬೇಡಿ, ಹೇಳುವವರೂ ವಯಸ್ಸಾದವರೇ ಅಲ್ವಾ.

ಅತ್ತೆಗೆ ಅದು ಅಡಿಕೆ. ಊರಿಂದ ಬಂದ ರಾಶಿ ಅಡಿಕೆ ಒಂದು ಹಿಡಿ, ಅಡಿಕೆ ಬೇಯಿಸಿದ ಚೊಗರಿನ ವಾಸನೆ ಇನ್ನೂ ಆರದೆ ಇರುವಂಥದ್ದು, ಡಬ್ಬಿಯಲ್ಲಿ ಇಟ್ಟಿದ್ದೇನೆ. ಬಾಯಿಗೆ ಹಾಕಿಕೊಳ್ಳಲು ಕೊಡುವುದಿಲ್ಲ, ಮೂಸಲು ಮಾತ್ರ. ಮಧ್ಯಾಹ್ನ ಅವರು ಕಾಫಿ ಕುಡಿದು ಹಾಯಾಗಿ ಕೂತಾಗ ಮುಚ್ಚಳ ತೆಗೆದು ಕೈಗೆ ಕೊಡುತ್ತೇನೆ. ಕೆಲವು ದಿನ ಏನೂ ಇಲ್ಲ. ಕೆಲವು ದಿನ, "ಸುಲಿಯೋಕೆ ಬಂದೋರಿಗೆಲ್ಲ ಕಾಫಿ ಆಯ್ತೇನೆ?" ಅಂತ ಕೇಳುತ್ತಾರೆ. ಹಂಡೆ, ಒಲೆ, ಚಪ್ಪರದ ಮೇಲೆ ಹರಡಿದ ಅಡಿಕೆ, ಮೋಡ ಬಂದರೆ ಓಡುವ ಓಟ, ಎಲ್ಲ ಬರುತ್ತದೆ.

ಇಲ್ಲಿ ಒಂದು ನಿಯಮ. "ಇದೇನು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಹೆಸರು ಸಿಗದೆ ಅವರು ಗಾಬರಿಯಾಗುತ್ತಾರೆ. "ಊರಿಂದ ಅಡಿಕೆ ಬಂದಿದೆ ಅತ್ತೆ, ನೋಡಿ" ಅಂತ ನೀವೇ ಹೆಸರು ಹೇಳಿಬಿಡಿ. ಅವರು ಹೋದ ಕಾಲಕ್ಕೆ ನೀವೂ ಹೋಗಿ, ತಿದ್ದಬೇಡಿ. ಅವರು ಅತ್ತರೆ, ಮುಖ ತಿರುಗಿಸಿದರೆ ತಕ್ಷಣ ಡಬ್ಬಿ ಮುಚ್ಚಿ. ಎಲ್ಲ ಹಳೇ ವಾಸನೆಯೂ ಸುಖದ್ದೇ ಆಗಿರುವುದಿಲ್ಲ.

ಹೊತ್ತು ತಪ್ಪುವ ಹಿರಿಯರಿಗೆ ವಾಸನೆಯಿಂದ ಹೊತ್ತು ತಿಳಿಸಬಹುದು. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ಅವರನ್ನು ಅಡುಗೆಮನೆ ಹತ್ತಿರ ಕೂರಿಸಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ದೇವರ ಮನೆ ಬಾಗಿಲಲ್ಲಿ. ದಿನಾ ಅದೇ ಕ್ರಮ.

ವಾಸನೆಯೇ ಹೋದವರಿಗೆ

ಕೊರೊನಾ ಬಂದ ಮೇಲೆ ನಮ್ಮ ಘಟಕದ ಒಬ್ಬ ಹುಡುಗಿಗೆ ವಾಸನೆ ಪೂರ್ತಿ ಹೋಯಿತು. ಬತ್ತಿ ಪ್ಯಾಕ್ ಮಾಡುವವಳು. "ಊಟ ರುಚಿ ಇಲ್ಲ ಅನ್ನೋದಲ್ಲ ಅಕ್ಕಾ, ಮಗೂನ ನೆತ್ತಿ ಮೂಸಿದ್ರೂ ಏನೂ ಇಲ್ಲ" ಅಂದಳು. ವಾಸನೆ ಹೋದವರಲ್ಲಿ ಮಂಕು, ಒಂಟಿತನ, ತನ್ನ ಮೈ ನಾರುತ್ತಿದೆಯೇನೋ ಅನ್ನುವ ಅಳುಕು ಸಾಮಾನ್ಯ. ಮನೆಯವರು ಇದನ್ನು ಚಿಕ್ಕದು ಅಂತ ತಳ್ಳಬಾರದು.

ಮೊದಲು ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ. ಮೂಗಿನೊಳಗೆ ಬೇರೆ ತೊಂದರೆ ಇದ್ದರೆ ಅವರೇ ನೋಡುತ್ತಾರೆ. ಅದರ ಜೊತೆಗೆ ಮಾಡುವ ಅಭ್ಯಾಸ ಒಂದಿದೆ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ ಇದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, 12 ವಾರ. ಮನೆಯಲ್ಲಿ ನಾಲ್ಕು ಚಿಕ್ಕ ಗಾಜಿನ ಸೀಸೆ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಹತ್ತಿ ಇಟ್ಟು ಒಂದೊಂದು ಎಣ್ಣೆಯ ಕೆಲವು ಹನಿ ಹಾಕಿ. ಎಣ್ಣೆ ಸಿಗದಿದ್ದರೆ ಜಜ್ಜಿದ ಲವಂಗ, ಆಗ ತಾನೇ ತುರಿದ ನಿಂಬೆ ಸಿಪ್ಪೆ ಆಗುತ್ತದೆ. ಒಂದೊಂದನ್ನೂ ಸುಮಾರು 10 ಸೆಕೆಂಡು ಮೆಲ್ಲಗೆ ಮೂಸಿ. ಏನೂ ಬರದಿದ್ದರೂ, ಆ ವಾಸನೆ ಹೇಗಿತ್ತು ಅಂತ ಮನಸ್ಸಿನಲ್ಲಿ ನೆನೆಸಿಕೊಳ್ಳುತ್ತಾ ಮೂಸಬೇಕು. ವಾಸನೆಯ ನರಕೋಶಗಳು ಮತ್ತೆ ಹುಟ್ಟುವಂಥವು, ಅವಕ್ಕೆ ಕೆಲಸ ಕೊಡುವುದು ನಮ್ಮ ಪಾಲು. ಎಲ್ಲರಿಗೂ ಪೂರ್ತಿ ವಾಪಸ್ ಬರುವುದಿಲ್ಲ. ಬಂದರೂ ನಿಧಾನ.

ನಡುವೆ ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇವೆಲ್ಲ ಕೊಳೆತ ಹಾಗೆ, ಸುಟ್ಟ ಹಾಗೆ ನಾರಬಹುದು. ಗಾಬರಿ ಬೇಡ, ಚೇತರಿಸಿಕೊಳ್ಳುವವರಲ್ಲಿ ಇದು ಆಗುವುದುಂಟು. ಸ್ವಲ್ಪ ಕಾಲ ಆ ವಸ್ತುಗಳನ್ನು ದೂರ ಇಡಿ.

ಇವರ ಮನೆಯಲ್ಲಿ ಗ್ಯಾಸ್ ಸೋರಿಕೆ ತಿಳಿಸುವ ಉಪಕರಣ ಖಂಡಿತ ಬೇಕು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಸೇರಿಸಿರುತ್ತಾರೆ. ಆ ನಾತ ತಿಳಿಯದವರಿಗೆ ಬೇರೆ ದಾರಿ ಬೇಕೇ ಬೇಕು. ಫ್ರಿಜ್ಜಿನಲ್ಲಿಡುವ ಹುಳಿ, ಪಲ್ಯದ ಡಬ್ಬಿ ಮೇಲೆ ದಿನ ಬರೆದಿಡಿ.

ಅಂಗಡಿ, ನೆಂಟರು

1997ರಲ್ಲಿ ಅಮೆರಿಕದ ಮಾಲ್ ಒಂದರಲ್ಲಿ ರಾಬರ್ಟ್ ಬ್ಯಾರನ್ ನೋಡಿದ್ದು ಇದು. ಬಿಸ್ಕತ್ತು ಬೇಯುವ, ಕಾಫಿ ಹುರಿಯುವ ಪರಿಮಳ ಇದ್ದ ಕಡೆ ಜನ ಗುರುತಿಲ್ಲದವರಿಗೆ ಚಿಲ್ಲರೆ ಕೊಡಲು, ಬಿದ್ದ ಪೆನ್ನು ಎತ್ತಿ ಕೊಡಲು ಜಾಸ್ತಿ ಮುಂದಾದರು. ಮನಸ್ಸು ಹಿತವಾಗಿದ್ದರೆ ಕೈಯೂ ಮುಂದೆ ಬರುತ್ತದೆ. ನೆಂಟರು ಬರುವ ಮೊದಲು ಸ್ಪ್ರೇ ಹೊಡೆಯುವುದನ್ನು ಬಿಡಿ. ಕಿಟಕಿ ತೆರೆದು ಕಸದ ಡಬ್ಬಿ ಹೊರಗಿಟ್ಟು, ಅವರು ಚಪ್ಪಲಿ ಬಿಡುವ ಹೊತ್ತಿಗೆ ಕಾಫಿಗೆ ಇಡಿ. ಇನ್ನು ಪರಿಮಳ ಗವ್ವೆನ್ನುವ ಅಂಗಡಿಯಲ್ಲಿ ದೊಡ್ಡ ಖರೀದಿ ಇದ್ದರೆ ಒಮ್ಮೆ ಹೊರಗೆ ಬಂದು ರಸ್ತೆಯ ಗಾಳಿಯಲ್ಲಿ ನಿಂತು ಯೋಚಿಸಿ, ಆಮೇಲೆ ದುಡ್ಡು ಕೊಡಿ.

ಜೋಪಾನದ ಮಾತು

ಊದುಬತ್ತಿಯೇ ನನ್ನ ಅನ್ನ. ಅದಕ್ಕೇ ಇದನ್ನು ನಾನೇ ಹೇಳಬೇಕು. ಎಷ್ಟೇ ಒಳ್ಳೆಯ ಮಸಾಲಾ ಬತ್ತಿಯಾದರೂ ಹೊಗೆ ಹೊಗೆಯೇ. ಅದರ ಸಣ್ಣ ಕಣಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಕಿಟಕಿ ತೆರೆದು ಒಂದೇ ಬತ್ತಿ ಹಚ್ಚಿ. ಮಲಗುವ ಕೋಣೆಯಲ್ಲಿ, ತೊಟ್ಟಿಲ ಹತ್ತಿರ, ಅಸ್ತಮಾ ಇರುವವರ ಮುಂದೆ ಬೇಡ. ಕೂಸಿನ ಮೂಗಿಗೆ, ಎದೆಗೆ ಕರ್ಪೂರ, ನೀಲಗಿರಿ ಎಣ್ಣೆ ಹಚ್ಚಬೇಡಿ. ಎರಡೂ ಹೊಟ್ಟೆಗೆ ಹೋದರೆ ಮಕ್ಕಳಿಗೆ ವಿಷ, ಫಿಟ್ಸ್ ಬರಬಹುದು. ಬೀಗ ಇರುವ ಕಪಾಟಿನಲ್ಲಿ ಇಡಿ. ತಲೆನೋವು, ಮೈಗ್ರೇನ್ ಇರುವವರು ಮನೆಯಲ್ಲಿದ್ದರೆ ಯಾವ ಪರಿಮಳ ಇಡುವ ಮೊದಲೂ ಅವರನ್ನು ಕೇಳಿ.

ಕಟ್ಟಿದ ಪರಿಮಳ ಬಾಳಿಕೆ ಬರಬೇಕಾದರೆ ಒಂದೇ ಅಂಗಡಿಯಿಂದ, ಒಂದೇ ಸಲಕ್ಕೆ ಸ್ವಲ್ಪ ಜಾಸ್ತಿ ತಂದಿಡಿ. ಜಾಗ ಬದಲಾದರೆ ಲಾವಂಚದ ವಾಸನೆಯೂ ಕೊಂಚ ಬದಲಾಗುತ್ತದೆ. ಬೇರು ಒಣಗಿ ವಾಸನೆ ಇಳಿದರೆ ಬಿಸಾಡಬೇಡಿ, ಒಂದೆರಡು ಹನಿ ನೀರು ಚಿಮುಕಿಸಿದರೆ ಮತ್ತೆ ಏಳುತ್ತದೆ. ಹಸಿ ಆರಿದ ಮೇಲೆಯೇ ಡಬ್ಬಿ ಮುಚ್ಚಿ, ಇಲ್ಲದಿದ್ದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಸೇರುತ್ತದೆ. ದವನವನ್ನು ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಇಡಿ. ಎಸಳನ್ನು ಬೆರಳಲ್ಲಿ ಉಜ್ಜಿದಾಗಲೂ ಏನೂ ಬರದಿದ್ದರೆ ಬದಲಾಯಿಸಿ.